ಬಚ್ಚಲಿನ ರೇಟು ಎಷ್ಟಪ್ಪಾ?

ಪಕ್ಕದ ಮನೆಯಲ್ಲಿ ಟೈಲ್ಸ್ ಕೊಯ್ಯುತ್ತಿದ್ದಾರೆ. ಆ ಮಿಷಿನ್ನು ಕಿರ್ರೆಂದು ಕೂಗಿದಾಗಲೆಲ್ಲ ವಿದ್ಯಾರಣ್ಯಪುರದ ನಮ್ಮ ಬೀದಿಯ ನಾಯಿಗಳು ಎದ್ದು ಅದಕ್ಕೆ ತಕ್ಕ ಉತ್ತರ ಕೊಡುತ್ತವೆ. ನನಗೆ ಸದ್ದಿನ ಚಿಂತೆಯಿಲ್ಲ. ಕಿಟಕಿಯಿಂದ ಬರುವ ವಾಸನೆ ಇದೆಯಲ್ಲ, ಕಾದ ಕಲ್ಲಿನ ಮೇಲೆ ನೀರು ಬಿದ್ದ ವಾಸನೆ, ಅದು ಮೂಗಿಗೆ ತಾಗಿದರೆ ಸಾಕು, ನನಗೆ ಹಸುಗೂಸಿನ ನೆತ್ತಿ ನೆನಪಾಗುತ್ತದೆ. ಟೈಲ್ಸಿಗೂ ಹಸುಗೂಸಿಗೂ ಏನು ಸಂಬಂಧ ಎಂದು ನೀವು ಕೇಳುತ್ತೀರಿ. ಕೂತುಕೊಳ್ಳಿ, ಹೇಳುತ್ತೇನೆ. ಈ ಸಂಗತಿಯನ್ನು ಹೇಳದೆ ಇಟ್ಟುಕೊಂಡರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ.

ರೇಟು ಕೇಳುವುದು ನನ್ನ ಚಾಳಿ. ಕೊಳ್ಳುವುದು ಬೇರೆ, ಕೇಳುವುದು ಬೇರೆ. ತಳ್ಳುಗಾಡಿಯ ಅವರೆಕಾಯಿಯಿಂದ ಹಿಡಿದು ಮೂಲೆಯಲ್ಲಿ ಮಾರಾಟಕ್ಕಿದ್ದ ಮೂರಂತಸ್ತಿನ ಮನೆಯವರೆಗೆ ಎಲ್ಲದರ ರೇಟನ್ನೂ ಕೇಳಿದ್ದೇನೆ. ಆ ಮನೆಯ ಯಜಮಾನ ಪಾಪ, ಕಾಫಿ ಕೊಟ್ಟು ತಾರಸಿಯವರೆಗೂ ಹತ್ತಿಸಿ ತೋರಿಸಿದ. ನಮ್ಮೂರು ಚಿಕ್ಕಜಾಲದಲ್ಲಿ ನಮ್ಮಮ್ಮನೂ ಹೀಗೇ ಇದ್ದಳು. ಸಂತೆಯಲ್ಲಿ ಎಮ್ಮೆಯ ಬಾಯಿ ತೆಗೆಸಿ ಹಲ್ಲು ನೋಡಿ, ಬೆಲೆ ಕೇಳಿ, ಮುಖ ಸಿಂಡರಿಸಿ, ಕೊನೆಗೆ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಹಿಡಿದುಕೊಂಡು ಬರುತ್ತಿದ್ದಳು. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಲೋಕಜ್ಞಾನ ಅನ್ನುವುದು ಏನಾದರೂ ನನಗಿದ್ದರೆ ಅದೆಲ್ಲ ರೇಟು ಕೇಳಿಯೇ ಬಂದದ್ದು.

ಈಗ ಬಚ್ಚಲಿಗೆ ಬರೋಣ. ನನ್ನ ಮಗ ರವಿ ಯಲಹಂಕದಲ್ಲಿ ಸ್ಕೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಒಳ್ಳೆಯ ಹುಡುಗ, ಆದರೆ ಮದುವೆಯ ಮಾತೆತ್ತಿದರೆ ಹೆಲ್ಮೆಟ್ ಹಾಕಿಕೊಂಡು ಹೊರಟುಬಿಡುತ್ತಾನೆ. ನಾಲ್ಕು ಕಾಸು ಕೈಗೆ ಬಂದಾಗ ಮನೆಯ ಬಚ್ಚಲನ್ನು ಹೊಸದು ಮಾಡಿಸಿದ. ಕನ್ನಡಿಯಂಥ ನೆಲ, ಗಾಜಿನ ಅಡ್ಡಗೋಡೆ, ಮೇಲಿಂದ ಸುರಿಯುವ ಶವರ್, ಸಿಂಹಾಸನದಂಥ ಕಮೋಡು. ಚೆನ್ನಾಗಿಲ್ಲ ಅನ್ನುವ ಹಾಗಿಲ್ಲ. ಆದರೆ ಅಲ್ಲಿ ಕಾಲು ಚಾಚುವ ಹಾಗೂ ಇಲ್ಲ. ಒಂದು ದಿನ ಪರೀಕ್ಷೆ ಮಾಡೋಣವೆಂದು ಮಣೆ ಹಾಕಿ, ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿದೆ. ಎರಡು ಪಾದವೂ ಸೀದಾ ಹೋಗಿ ಕಮೋಡಿಗೆ ನಮಸ್ಕಾರ ಮಾಡಿದವು.

ಬಚ್ಚಲಲ್ಲಿ ಕಾಲು ಯಾಕೆ ಚಾಚಬೇಕು ಎಂದರೆ, ಕೂಸಿಗೆ ನೀರು ಹಾಕುವುದಕ್ಕೆ. ನಮ್ಮ ಕಡೆ ಕೂಸನ್ನು ಬೇಸಿನ್ನಿನಲ್ಲಿ ಅಕ್ಕಿ ತೊಳೆದ ಹಾಗೆ ತೊಳೆಯುವುದಿಲ್ಲ. ಅಜ್ಜಿಯಾದವಳು ಮಣೆಯ ಮೇಲೆ ಕೂತು, ಎರಡು ಕಾಲು ಜೋಡಿಸಿ ಚಾಚಿ, ಮೊಣಕಾಲಿನಿಂದ ಕೆಳಗೆ, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಹರಳೆಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಬಿಸಿನೀರು ಎರೆಯುತ್ತಾಳೆ. ಕೂಸು ಬೀದಿಗೆ ಕೇಳುವ ಹಾಗೆ ಕಿರುಚುತ್ತದೆ. ಆಮೇಲೆ ಹೊಟ್ಟೆ ತುಂಬ ಹಾಲು ಕುಡಿದು ಕೊರಡಿನ ಹಾಗೆ ಮಲಗುತ್ತದೆ. ನಮ್ಮಮ್ಮ ನನ್ನ ಎರಡೂ ಮಕ್ಕಳಿಗೆ ಹಾಗೆ ಎರೆದಳು. ನನ್ನ ಕಾಲ ಮೇಲೂ ಒಂದು ಕೂಸು ಮಲಗಬೇಕು ಎಂಬುದು ನನ್ನ ಆಸೆ. ಕಾಶಿ ರಾಮೇಶ್ವರ ಯಾವುದೂ ನನಗೆ ಬೇಕಾಗಿರಲಿಲ್ಲ. ಇದೊಂದು ಬೇಕಾಗಿತ್ತು.

ನನ್ನ ಮಗಳು ಸವಿತಾ ಯಶವಂತಪುರದಲ್ಲಿ ಗಂಡನ ಜೊತೆ ಇದ್ದಾಳೆ. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಿರಲಿಲ್ಲ. ಹಿಂದೆ ಎರಡು ಸಲ ಬಸಿರಾಗಿ, ನಿಲ್ಲದೆ ಹೋಗಿತ್ತು. ಮೊದಲ ಸಲ ನಾನು ಅವಸರಗೇಡಿ ತೊಟ್ಟಿಲಿಗೆ ಅಡ್ವಾನ್ಸ್ ಕೊಟ್ಟು ಬಂದಿದ್ದೆ. ಆ ಮಾತು ಬಿಡಿ. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಬಂದವಳು, ಅಡಿಗೆಮನೆಗೆ ನನ್ನನ್ನು ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ಅಮ್ಮ, ಯಾರಿಗೂ ಹೇಳ್ಬೇಡ. ಅಣ್ಣಂಗೂ ಹೇಳ್ಬೇಡ."

"ಏನ್ ಕಣೇ, ಏನಾಯ್ತು?"

ಹೇಳಿದಳು. ನಾನು ಕೂಗುವುದಕ್ಕೆ ಬಾಯಿ ತೆಗೆದೆ. ಅವಳು ಅಂಗೈಯಿಂದ ಬಾಯಿ ಮುಚ್ಚಿದಳು.

"ನೋಡು, ಈ ಸಲ ಏನೂ ತರ್ಬೇಡ. ಏನೂ ರೆಡಿ ಮಾಡ್ಬೇಡ. ಒಂದು ಚಿಂದಿ ಬಟ್ಟೇನೂ ಎತ್ತಿಡ್ಬೇಡ. ನನ್ನಾಣೆ."

ಕೂಸು ಹುಟ್ಟುವ ಮೊದಲು ಏನನ್ನೂ ಸಿದ್ಧ ಮಾಡಬಾರದು ಎಂಬುದು ನಮ್ಮಲ್ಲಿ ಇರುವುದೇ. ಅದರ ಮೇಲೆ ಮಗಳ ಆಣೆ. ಆಯ್ತು ಎಂದೆ. ಆದರೆ ಸಂತೋಷ ಅನ್ನುವುದು ಹಾಲಿನ ಜಾತಿ, ಮುಚ್ಚಿಟ್ಟಷ್ಟೂ ಉಕ್ಕುತ್ತದೆ. ಮೊದಲ ಸ್ಕ್ಯಾನ್ ಮುಗಿಸಿ ಸವಿತಾ ಫೋನಿನಲ್ಲಿ "ಸರಿಯಾಗಿದೆ ಅಂದ್ರು" ಎಂದಳು ನೋಡಿ, ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸಿಹಿ ಹಂಚುವ ಹಾಗಿಲ್ಲ. ದೇವಸ್ಥಾನಕ್ಕೆ ಹೋದರೆ ಅರ್ಚಕರು ಏನು ವಿಶೇಷ ಎಂದು ಕೇಳುತ್ತಾರೆ. ಆಗ ಹೊಳೆಯಿತು: ತರಬೇಡ ಅಂದಿದ್ದಾಳೆ, ರೆಡಿ ಮಾಡಬೇಡ ಅಂದಿದ್ದಾಳೆ. ರೇಟು ಕೇಳಬೇಡ ಅಂದಿಲ್ಲವಲ್ಲ!

ರವಿಯ ಅಂಗಡಿಗೆ ಸ್ಕೂಟರ್ ತರುವ ಸಾದಿಕ್ ಎಂಬ ಟೈಲ್ಸ್ ಕೆಲಸದವನು ನನಗೆ ಗೊತ್ತಿದ್ದ. ಫೋನ್ ಮಾಡಿ ಕರೆಸಿದೆ. ಆಯುಧಪೂಜೆಯ ಮಾರನೆಯ ದಿನ. ಅವನ ಸ್ಕೂಟರಿನ ಮೂತಿಗೆ ಇನ್ನೂ ಬಾಳೆಕಂದು ಕಟ್ಟಿತ್ತು. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಜಾಗ ತೋರಿಸಿ, ಇಲ್ಲಿ ಜಾರದಂಥ ಟೈಲ್ಸು, ಕೂರುವುದಕ್ಕೆ ಮೋಟು ಕಟ್ಟೆ, ಗಾಳಿ ಬರದ ಹಾಗೆ ಬಾಗಿಲು, ಕಾಲು ಚಾಚುವಷ್ಟು ಜಾಗ, ಎಷ್ಟಾಗುತ್ತದೆ ಎಂದೆ.

"ಯಾರಿಗಮ್ಮ, ಕಾಲು ಚಾಚೋಕೆ?"

"ನಂಗೇ ಕಣಪ್ಪ. ಮಂಡಿನೋವು."

ಟೇಪು ಎಳೆದು ಅಳತೆ ತೆಗೆದ, ರೇಟು ಹೇಳಿದ. ಆ ಹಳದಿ ಟೇಪು ಸರ್ರನೆ ನೆಲದ ಮೇಲೆ ಹರಿದು, ನನ್ನ ಕಾಲು ಬರುವ ಜಾಗದಲ್ಲಿ ನಿಂತಿತು. ಆ ಟೇಪಿನ ಮೇಲೆ ನನಗೆ ಕೂಸು ಕಾಣಿಸಿತು. ಸುಳ್ಳು ಹೇಳುತ್ತಿಲ್ಲ, ಎಣ್ಣೆ ಹಚ್ಚಿದ ಹಾಗೆ ಮಿರಮಿರ ಮಿಂಚುತ್ತಿತ್ತು. "ನೋಡೋಣ ಕಣಪ್ಪ, ಏಳಿ ಕಳಿಸ್ತೀನಿ" ಎಂದು ದೋಸೆ ಕೊಟ್ಟು ಕಳಿಸಿದೆ.

ಮುಂದಿನ ಸ್ಕ್ಯಾನ್ ಆಯಿತು. "ಕೈಕಾಲು ಎಲ್ಲ ಸರಿಯಾಗಿದೆ ಅಂದ್ರು ಅಮ್ಮ." ನಾನು ಮತ್ತೆ ಸಾದಿಕ್‌ಗೆ ಫೋನ್ ಮಾಡಿದೆ. ಬಂದವನು ಬಾಗಿಲಲ್ಲಿ ನಿಂತು ಕೈ ಜೋಡಿಸಿ, "ಅಮ್ಮ, ನಾನು ಸಾದಿಕ್. ಟೈಲ್ಸ್ ಕೆಲ್ಸ ಮಾಡೋನು" ಎಂದ.

ನನಗೆ ಗಾಬರಿಯಾಯಿತು. ಹೋದ ಸಲ ನನ್ನ ಕೈಯಲ್ಲಿ ದೋಸೆ ತಿಂದುಹೋದವನು, ಹೊಸಬನ ಹಾಗೆ ಹೆಸರು ಹೇಳುತ್ತಿದ್ದಾನೆ! ಹಿತ್ತಿಲಿಗೆ ಹೋಗಿ "ಯಾವ ಜಾಗಮ್ಮ?" ಎಂದು ಕೇಳಿದ. ಅದೇ ಟೇಪು ಎಳೆದ, ಅದೇ ಮೂಲೆ ಅಳೆದ, ಅದೇ ರೇಟು ಹೇಳಿದ. ಇಷ್ಟು ಚಿಕ್ಕ ವಯಸ್ಸಿಗೇ ಈ ಮರೆವು! ಹೆಂಡತಿ ಮಕ್ಕಳಿರುವವನು, ಪಾಪ, ಆ ಸಿಮೆಂಟಿನ ಧೂಳು ತಲೆಗೆ ಹತ್ತಿರಬೇಕು ಅಂದುಕೊಂಡೆ. ಮುಖಕ್ಕೆ ಹೇಳುವುದು ಮರ್ಯಾದೆಯಲ್ಲ. ಕುಂಡದಲ್ಲಿ ಬೆಳೆದಿದ್ದ ಒಂದೆಲಗದ ಸೊಪ್ಪು ಕೊಯ್ದು, ಚಟ್ನಿ ಅರೆದು, ದೋಸೆಯ ಜೊತೆ ಬಡಿಸಿದೆ. ಜ್ಞಾಪಕಶಕ್ತಿಗೆ ಅದಕ್ಕಿಂತ ಔಷಧಿಯಿಲ್ಲ.

"ತಿನ್ನಪ್ಪ, ಇನ್ನೂ ಸ್ವಲ್ಪ ಆಕ್ಕೋ. ನಿಂಗೆ ಬೇಕು ಇದು."

"ಸಾಕಮ್ಮ" ಎಂದು ಮುಖ ಕಿವುಚಿಕೊಂಡು ನುಂಗಿದ. ಒಂದೆಲಗ ಸ್ವಲ್ಪ ಕಹಿಯೇ.

ಹೀಗೇ ನಡೆಯಿತು. ಸಂಕ್ರಾಂತಿಯ ಹೊತ್ತಿಗೆ ಕೂಸು ಹೊಟ್ಟೆಯಲ್ಲಿ ಒದೆಯುವ ಸುದ್ದಿ ಬಂತು, ನಾನು ರೇಟು ಕೇಳಿದೆ. ಅವತ್ತು ಅವನ ಟೇಪಿನ ಸ್ಪ್ರಿಂಗು ಕಿತ್ತುಹೋಗಿತ್ತು, ನನ್ನ ಹೂ ಕಟ್ಟುವ ದಾರದಲ್ಲೇ ಅಳೆದ. ಇನ್ನೊಂದು ಸ್ಕ್ಯಾನಿನ ಸುದ್ದಿಗೆ ಕರೆಸಿದಾಗ ರಂಜಾನಿನ ಉಪವಾಸ ಶುರುವಾದ ದಿನ. ದೋಸೆ ಮುಟ್ಟಲಿಲ್ಲ, ಚಟ್ನಿಯನ್ನು ಡಬ್ಬಿಗೆ ಹಾಕಿ ಕಳಿಸಿದೆ. ಪ್ರತಿ ಸಲವೂ "ಅಮ್ಮ, ನಾನು ಸಾದಿಕ್." ಪ್ರತಿ ಸಲವೂ ನಾನು ಒಳಗೊಳಗೇ ಮರುಗುವುದು. ಒಂದೆಲಗ ಯಾಕೋ ಹಿಡಿಯುತ್ತಿಲ್ಲ ಅನ್ನಿಸಿತು.

ಆ ವಾರವೇ ಒಂದು ಸಂಜೆ ರವಿ ಅಂಗಡಿಯಿಂದ ಬೇಗ ಬಂದು ನನ್ನ ಎದುರು ಕೂತ. ಅಪ್ಪ ಸತ್ತ ಸುದ್ದಿ ಹೇಳುವಾಗಲೂ ಅವನು ಅಷ್ಟು ಮೆತ್ತಗೆ ಮಾತಾಡಿರಲಿಲ್ಲ.

"ಅಮ್ಮ, ಸಾದಿಕ್ ಅಂಗಡಿಗೆ ಬಂದಿದ್ದ. ಹಿತ್ಲು ಬಚ್ಚಲಿಗೆ ಪದೇ ಪದೇ ಕರೆಸಿ ರೇಟು ಕೇಳ್ತಿದ್ದೀಯಂತೆ?"

"ಕೇಳ್ದೆ. ಅದಕ್ಕೇನೀಗ?"

"ಯಾಕೆ?"

ಸವಿತಾಳ ಅಂಗೈ ಇನ್ನೂ ನನ್ನ ಬಾಯಿಯ ಮೇಲೆ ಇದ್ದ ಹಾಗಿತ್ತು. "ಸುಮ್ನೆ" ಎಂದೆ.

ಆ ಸುಮ್ನೆಯೇ ನನ್ನನ್ನು ಡಾಕ್ಟರ ಹತ್ತಿರ ಕೂರಿಸಿತು. ಮೀಸೆ ಇನ್ನೂ ಸರಿಯಾಗಿ ಬಾರದ ಹುಡುಗ ಡಾಕ್ಟರು. ಇವತ್ತು ಯಾವ ವಾರ ಅಂದ. ಶನಿವಾರ, ಅದಕ್ಕೇ ನಿಮ್ಮಲ್ಲಿ ಇಷ್ಟು ರಶ್ಶು ಎಂದೆ. ಕುರ್ಚಿ, ಮಾವಿನಹಣ್ಣು, ರೈಲು, ಈ ಮೂರನ್ನು ನೆನಪಿಟ್ಟುಕೊಳ್ಳಿ ಅಂದ. ಇಟ್ಟುಕೊಂಡೆ, ನೋಡಿ, ಇವತ್ತಿಗೂ ಇದೆ.

"ಅಜ್ಜಿ, ನೂರರಿಂದ ಏಳೇಳು ಕಳೀತಾ ಬನ್ನಿ."

"ಯಾಕಪ್ಪ ಕಳೀಬೇಕು? ಇರೋ ನೂರು ಇರ್ಲಿ ಬಿಡು."

ರವಿ ಹಣೆ ಹಿಡಿದುಕೊಂಡ. ಒಂದೇ ಕೆಲಸಕ್ಕೆ ಮತ್ತೆ ಮತ್ತೆ ಯಾಕೆ ಫೋನ್ ಮಾಡುತ್ತೀರಿ ಎಂದು ಡಾಕ್ಟರು ಕೇಳಿದ. ನಾನು ಗೋಡೆಯ ಮೇಲಿನ ಮಿದುಳಿನ ಚಿತ್ರ ನೋಡುತ್ತ ಕೂತೆ. ತಲೆಯ ಫೋಟೋ ತೆಗೆಸಬೇಕಾದೀತು ಅಂದಾಗ, ಅಭ್ಯಾಸಬಲ, "ಅದಕ್ಕೆ ರೇಟೆಷ್ಟು?" ಎಂದು ಬಾಯಿಗೆ ಬಂದೇಬಿಟ್ಟಿತು. ಡಾಕ್ಟರು ರವಿಯ ಮುಖ ನೋಡಿದ. "ಸದ್ಯಕ್ಕೆ ಹೆದರೋ ಅಂಥದ್ದು ಕಾಣ್ತಿಲ್ಲ. ಒಂದು ಕಣ್ಣಿಟ್ಟಿರಿ" ಎಂದ. ನನ್ನ ಮಗ ಕೊನೆಯ ಮಾತನ್ನು ಮಾತ್ರ ಮನೆಗೆ ತಂದ. ಬೆಳಿಗ್ಗೆ ಅಂಗಡಿಗೆ ಹೋಗುವಾಗ ಗ್ಯಾಸ್ ಆಫ್ ಮಾಡಿ ಹೋಗುವುದಕ್ಕೆ ಶುರುಮಾಡಿದ. ನನ್ನ ಪರ್ಸಿನಲ್ಲಿ ಮನೆಯ ವಿಳಾಸ ಬರೆದ ಚೀಟಿ ಇಟ್ಟ. ನಾನು ನಾಯಿಯಾಗಿದ್ದರೆ ಕತ್ತಿಗೆ ಕಟ್ಟುತ್ತಿದ್ದನೋ ಏನೋ.

ಇದನ್ನೆಲ್ಲ ನಕ್ಕು ತಳ್ಳಿಹಾಕಿದ್ದೆ. ಏಳು ತಿಂಗಳು ತುಂಬಿದ ಮೇಲೆ ಸವಿತಾ ಬಂದು ಅಣ್ಣನಿಗೆ ತಾನೇ ವಿಷಯ ಹೇಳಿದಳು. ರವಿ ಎದ್ದು ಕುಣಿದ. ನನ್ನನ್ನೂ ಎಳೆದು ಕುಣಿಸಿದ. ಆಮೇಲೆ ಕೂತು ಮೆತ್ತಗೆ ತಂಗಿಗೆ ನನ್ನ ವಿಷಯವನ್ನೆಲ್ಲ ಒಪ್ಪಿಸಿದ. ಡಾಕ್ಟರು ಅಂದದ್ದು, ಸಾದಿಕ್ ಅಂದದ್ದು, ಎಲ್ಲ.

"ಬಾಣಂತನ ಇಲ್ಲೇ ಆಗ್ಲಿ. ಆದ್ರೆ ಮಗು ಸ್ನಾನಕ್ಕೆ ಜಾಲಹಳ್ಳಿಯಿಂದ ಒಬ್ಬರನ್ನ ಗೊತ್ತು ಮಾಡ್ತೀನಿ. ಬಿಸಿನೀರಿನ ವ್ಯವಹಾರ ಕಣೇ, ನೀರು ಬೆರೆಸೋದು ಮರೆತು ಹಾಗೇ ಹಾಕ್ಬಿಟ್ರೆ?"

"ಲೋ, ಮರೆವು ಗಿರೆವು ಏನೂ ಇಲ್ಲ ಕಣೋ! ಇವಳಿಂದ ಒಳ್ಳೆ ಸುದ್ದಿ ಬಂದಾಗೆಲ್ಲ ನಾನು ಸಾದಿಕ್‌ಗೆ ಫೋನ್ ಮಾಡ್ತಿದ್ದೆ!"

ಹೇಳಿಯಾದ ಮೇಲೆ ನನಗೇ ಗೊತ್ತಾಯಿತು, ಇದು ಮರೆವಿಗಿಂತ ದೊಡ್ಡ ಕಾಯಿಲೆಯ ಹಾಗೆ ಕೇಳಿಸುತ್ತದೆ ಎಂದು. ಅಣ್ಣ ತಂಗಿ ಮುಖ ಮುಖ ನೋಡಿಕೊಂಡರು. ಸವಿತಾ ನನ್ನ ಕೈ ಹಿಡಿದಳು.

"ಬೇಜಾರು ಮಾಡ್ಕೋಬೇಡಮ್ಮ. ನೀನು ಪಕ್ಕದಲ್ಲಿ ಕೂತಿರು, ಸಾಕು."

ಅವಳ ತಪ್ಪಲ್ಲ. ಎರಡು ಸಲ ಕಳೆದುಕೊಂಡವಳು, ಮೂರನೆಯದನ್ನು ಯಾರ ಕೈಗಾದರೂ ಯೋಚಿಸಿಯೇ ಕೊಡಬೇಕು. ಆದರೂ ಆ ಪಕ್ಕದಲ್ಲಿ ಕೂತಿರು ಅನ್ನುವ ಮಾತು ನನಗೆ ನಾಟಿತು. ರವಿಯ ಹೊಸ ಬಚ್ಚಲಿಗೆ ಹೋಗಿ, ಚಿಲಕ ಹಾಕಿ, ಸಿಂಹಾಸನದ ಮುಚ್ಚಳ ಮುಚ್ಚಿ, ಅದರ ಮೇಲೆ ಕೂತು ಅತ್ತೆ. ಅದೊಂದು ಅನುಕೂಲವನ್ನು ಒಪ್ಪಿಕೊಳ್ಳಲೇಬೇಕು, ಹಳೆಯ ಬಚ್ಚಲಲ್ಲಿ ಅಳುವುದಕ್ಕೆ ಕುರ್ಚಿ ಇರಲಿಲ್ಲ.

ಕೂಸು ಹುಟ್ಟಿತು. ಹೆಣ್ಣು. ಅಯ್ಯೋ, ಆ ಕೂದಲೇನು, ಆ ಉಗುರೇನು, ಆಕಳಿಸುವ ಗತ್ತೇನು! ಮೂಗು ಥೇಟ್ ನನ್ನದು. ಯಾರೂ ಒಪ್ಪಲಿಲ್ಲ, ಇವತ್ತಿಗೂ ಒಪ್ಪಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತೇ ಸಾದಿಕ್‌ಗೆ ಫೋನ್ ಮಾಡಿದೆ. ನೀರು ಯಾರಾದರೂ ಹಾಕಲಿ, ಕೂಸಿಗೆ ಜಾರದ ನೆಲವಾದರೂ ನಾನು ಮಾಡಿಸಿಕೊಡುತ್ತೇನೆ. ಹೊಕ್ಕುಳಬಳ್ಳಿ ಉದುರುವವರೆಗೆ ಒದ್ದೆಬಟ್ಟೆಯಲ್ಲಿ ಒರೆಸಿದರೆ ಸಾಕು, ಆಮೇಲೆ ಸ್ನಾನ ಎಂದು ನರ್ಸಮ್ಮ ಹೇಳಿದ್ದಳು. ಅಷ್ಟರಲ್ಲಿ ಕೆಲಸ ಮುಗಿಯಬೇಕು.

"ಸಾದಿಕ್, ಕೆಲ್ಸ ಶುರು ಮಾಡಪ್ಪ."

"ಆಯ್ತಮ್ಮ. ಒಂದ್ಸಲ ಬಂದು ಅಳತೆ ನೋಡಿ ರೇಟು ಹೇಳ್ತೀನಿ" ಎಂದ, ಮಗುವನ್ನು ರಮಿಸುವ ದನಿಯಲ್ಲಿ.

ಸವಿತಾ ಕೂಸನ್ನು ಎತ್ತಿಕೊಂಡು ಮನೆಗೆ ಬಂದ ಮಾರನೆಯ ದಿನ ಅವನೂ ಬಂದ. ರವಿ ಅವನನ್ನು ಸಾಗಹಾಕುವುದಕ್ಕೆಂದೇ ಅಂಗಡಿಗೆ ಹೋಗದೆ ನಿಂತಿದ್ದ. ಸಾದಿಕ್ ಬಾಗಿಲಲ್ಲಿ ಕೈ ಜೋಡಿಸಿದ.

"ಅಮ್ಮ, ನಾನು ಸಾದಿಕ್. ಟೈಲ್ಸ್ ಕೆಲ್ಸ..."

ನನ್ನ ತಾಳ್ಮೆ ಕಿತ್ತುಹೋಯಿತು.

"ಅಯ್ಯೋ ನಿನ್ನ! ಎಷ್ಟು ಸಲ ಏಳ್ತೀಯೋ ಅದೇ ಎಸ್ರು? ಬಾಳೆಕಂದು ಕಟ್ಟಿದ ಸ್ಕೂಟ್ರಲ್ಲಿ ಬಂದಿದ್ದೋನು ನೀನೇ ತಾನೆ? ಟೇಪು ಕಿತ್ತೋಗಿ ನನ್ನ ಹೂವಿನ ದಾರದಲ್ಲಿ ಅಳ್ದಿದ್ದು ನೀನೇ ತಾನೆ? ಬಾಗಿಲ ಅತ್ರ ನೀರು ನಿಲ್ತದೆ, ಅಲ್ಲಿ ಇಳಿಜಾರು ಕೊಡ್ಬೇಕು ಅಂತ ನೀನೇ ಏಳಿ, ಮುಂದಿನ ಸಲ ಬಂದು ನೀನೇ ಮರ್ತೆ. ಚಟ್ನಿ ಡಬ್ಬಿ ತಗೊಂಡೋದೋನು ಡಬ್ಬೀನೂ ತರ್ಲಿಲ್ಲ. ಇಷ್ಟು ಸಣ್ಣ ವಯಸ್ಸಿಗೆ ಇಂಗಾದ್ರೆ ಎಂಗಪ್ಪ? ಯಾರಿಗಾದ್ರೂ ತೋರಿಸ್ಕೊಳ್ಳೋ!"

ಸಾದಿಕ್ ಬಾಯಿ ತೆರೆದು ನಿಂತ. ರವಿಯ ಕಡೆ ತಿರುಗಿದ, ನನ್ನ ಕಡೆ ತಿರುಗಿದ.

"ಅಮ್ಮ... ನಂಗೇನೂ ಮರ್ತಿಲ್ಲ. ನಿಮಗೆ ಮರ್ತೋಗಿದೆ ಅಂತ ನಾನು ಹೊಸದಾಗಿ ಹೇಳ್ತಿದ್ದೆ."

"ನಂಗಾ?"

"ನಂಗೆ ಕೆಲ್ಸ ಕಲಿಸಿದ ಉಸ್ತಾದ್ ಹೇಳ್ಕೊಟ್ಟಿದ್ದು. ವಯಸ್ಸಾದೋರು ಅದೇ ರೇಟು ಎಷ್ಟು ಸಲ ಕೇಳಿದ್ರೂ, ಆಗ್ಲೇ ಹೇಳಿದ್ನಲ್ಲ ಅನ್ಬಾರ್ದು, ಅವರಿಗೆ ನೋವಾಗುತ್ತೆ. ಮೊದಲ್ನೇ ಸಲ ಅನ್ನೋ ಥರಾನೇ ಹೆಸರಿಂದ ಶುರು ಮಾಡ್ಬೇಕು, ಟೇಪೂ ಎಳೀಬೇಕು ಅಂತ. ಮತ್ತೆ ನೀವು ಪ್ರತಿ ಸಲ ಅದೇ ಹಸಿರು ಚಟ್ನಿ ಕೊಟ್ರಾ, ನಂಗೆ ಗ್ಯಾರಂಟಿ ಆಗೋಯ್ತು. ಅದಕ್ಕೇ ರವಿ ಭಾಯ್‌ಗೆ ಹೇಳಿದ್ದು."

"ಅದು ಒಂದೆಲಗ ಕಣೋ! ನಿನ್ನ ಮರೆವಿಗೆ ಅಂತ ಅರೆದಿದ್ದು!"

ರವಿ ಗೋಡೆ ಹಿಡಿದು ನಕ್ಕ. ಮೊದಲು ಸಣ್ಣಗೆ, ಆಮೇಲೆ ಕೂತು. ಸಾದಿಕ್ ನಗಬೇಕೋ ಕಾಲಿಗೆ ಬೀಳಬೇಕೋ ತಿಳಿಯದೆ ಟೇಪನ್ನು ಎಳೆಯುತ್ತ ಬಿಡುತ್ತ ನಿಂತಿದ್ದ. ಅಷ್ಟರಲ್ಲಿ ಒಳಗಿನಿಂದ ಸವಿತಾ, ತಲೆಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನು ಎದೆಗವಚಿಕೊಂಡು ಬಂದಳು. ಅವಳು ನಗುತ್ತಿರಲಿಲ್ಲ.

"ಸಾದಿಕಣ್ಣ, ಅಮ್ಮ ನಿಮ್ಮನ್ನ ಯಾವ್ಯಾವಾಗ ಕರೆದಿದ್ರು?"

"ಆಯುಧಪೂಜೆ ಮಾರನೇ ದಿನ ಒಂದ್ಸಲ. ಸಂಕ್ರಾಂತಿ ಟೈಮಲ್ಲಿ. ನಮ್ಮ ಉಪವಾಸ ಶುರುವಾದ ದಿನ..."

ಸವಿತಾ ಲೆಕ್ಕ ಹಾಕುವುದು ಅವಳ ತುಟಿಯಲ್ಲೇ ಕಾಣುತ್ತಿತ್ತು. ಅವಳಿಗೆ ಆ ದಿನಗಳನ್ನು ಯಾರೂ ನೆನಪಿಸಬೇಕಾಗಿರಲಿಲ್ಲ.

"ಅಮ್ಮ, ನಾನು ಸರಿಯಾಗಿದೆ ಅಂತ ಫೋನ್ ಮಾಡಿದ ದಿನಗಳು ಅವು. ನಿಜವಾಗ್ಲೂ ಅದಕ್ಕೇ ಕರೆಸ್ತಿದ್ಯಾ?"

"ಮತ್ತಿನ್ನೇನ್ ಮಾಡ್ಲಿ? ಏನೂ ತರ್ಬೇಡ, ಏನೂ ಮಾಡ್ಬೇಡ ಅಂದಿದ್ದೆ. ರೇಟಾದ್ರೂ ಕೇಳ್ಬೇಡ್ವೇನೇ?"

ಅವಳು ಕೂಸನ್ನು ತಂದು ನನ್ನ ಮಡಿಲಿಗೆ ಹಾಕಿದಳು. ಆಮೇಲೆ ಮೂಗೊರೆಸಿಕೊಂಡು, "ಅಣ್ಣ, ಜಾಲಹಳ್ಳಿಯೋರಿಗೆ ಬರೋದು ಬೇಡ ಅಂತ ಫೋನ್ ಮಾಡ್ಬಿಡು" ಎಂದಳು.

ಸಾದಿಕ್ ಕೆಲಸ ಮಾಡಿದ್ದನ್ನು ನೀವು ನೋಡಬೇಕಿತ್ತು. ಕೂಸಿನ ಕಿವಿಗೆ ಸದ್ದು ಬೀಳಬಾರದೆಂದು ಟೈಲ್ಸನ್ನು ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ ಕೊಯ್ದು, ಒಂದೊಂದನ್ನೇ ಎದೆಗೊತ್ತಿಕೊಂಡು ಬರುತ್ತಿದ್ದ. ನನ್ನ ಮಡಿಲಲ್ಲಿ ಕೂಸಿನ ನೆತ್ತಿ, ಮೂಗಿಗೆ ಆಗಷ್ಟೇ ಕೊಯ್ದ ಒದ್ದೆ ಟೈಲ್ಸಿನ ವಾಸನೆ. ಕಟ್ಟೆಯನ್ನು ಎಷ್ಟೆತ್ತರ ಮಾಡಲಿ ಎಂದು ನನ್ನನ್ನೇ ಇಟ್ಟಿಗೆಯ ಮೇಲೆ ಕೂರಿಸಿ, ಎಬ್ಬಿಸಿ, ಮತ್ತೆ ಕೂರಿಸಿ ನೋಡಿದ. "ಮಂಡಿನೋವು ಅಂದಿದ್ರಿ" ಎಂದು ಛೇಡಿಸಿದ. ನಾನು ಒಂದೆಲಗ ಬಿಟ್ಟು ಕಾಯಿಚಟ್ನಿ ಅರೆದುಕೊಟ್ಟೆ. "ಇದನ್ನ ಮೊದಲೇ ಕೊಟ್ಟಿದ್ರೆ ರೇಟಲ್ಲಿ ಡಿಸ್ಕೌಂಟ್ ಕೊಡ್ತಿದ್ದೆ" ಎಂದ ಕಿಲಾಡಿ.

ಮೊದಲ ಸ್ನಾನದ ದಿನ ಕಾಲು ಚಾಚಿ ಕೂತೆ. ರವಿ ನೀರು ಬೆರೆಸಿದ, ಮೊಣಕೈ ಅದ್ದಿ ನೋಡಿದ, ಮತ್ತೆ ನೋಡಿದ. ಸವಿತಾ ಕೂಸನ್ನು ನನ್ನ ಕಾಲ ಮೇಲೆ ಮಲಗಿಸಿ ಕೈ ತೆಗೆದಳು. ಪೂರ್ತಿ ತೆಗೆದಳು. ಆ ಭಾರ ಏನೆಂದು ಹೇಳಲಿ, ಒಂದು ಸೌತೆಕಾಯಿಯಷ್ಟು ಭಾರ. ಅಂಗೈಗೆ ಹರಳೆಣ್ಣೆ ಸುರಿದುಕೊಂಡೆ. ಎಣ್ಣೆಯ ಕೈ ಎದೆಗೆ ತಾಗಿದ್ದೇ ತಡ, ಮೊಮ್ಮಗಳು ಸರ್ರನೆ ನನ್ನ ಸೀರೆ ತೋಯಿಸಿ, ಬೀದಿಗೆ ಕೇಳುವ ಹಾಗೆ ಕಿರುಚಿದಳು. ಆ ಕಿರುಚಾಟ ಕೇಳಿ ನಾನು ನಕ್ಕ ನಗೆ ಯಲಹಂಕಕ್ಕೂ ಕೇಳಿರಬೇಕು.

ಈಗ ಅವಳಿಗೆ ಎರಡು ತುಂಬುತ್ತ ಬಂತು. ಕಾಲ ಮೇಲೆ ಮಲಗುವ ಕಾಲ ಮುಗಿಯಿತು. ಮಲಗಿಸಿದರೆ ಎದ್ದು ಓಡುತ್ತಾಳೆ. ಸವಿತಾ ವಾರಕ್ಕೊಮ್ಮೆ ಅವಳನ್ನು ಇಲ್ಲಿ ಬಿಟ್ಟು ಹೋಗುತ್ತಾಳೆ. ಇವತ್ತು ಬೆಳಿಗ್ಗೆ ನಾನು ನೀರು ಬೆರೆಸಿಟ್ಟು ಕೂತುಕೊಂಡರೆ, ಚೊಂಬು ಕಿತ್ತುಕೊಂಡಳು. ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಎತ್ತಿ, ಅರ್ಧ ನೆಲಕ್ಕೆ, ಅರ್ಧ ನನ್ನ ತಲೆಗೆ ಸುರಿದಳು. ಕಡಲೆಹಿಟ್ಟನ್ನು ಮುಷ್ಟಿಯಲ್ಲಿ ತೆಗೆದು ನನ್ನ ಮೂಗಿಗೆ ಮೆತ್ತಿದಳು.

"ಅಜ್ಜಿ, ಕಣ್ಣು ಮುಚ್ಚು. ಅಳಬಾದು" ಎಂದಳು.

ಮುಚ್ಚಿದೆ. ಬಾಗಿಲಾಚೆ ರವಿ, "ಅಮ್ಮ, ನೀರು ಹಿತವಾಗಿದೆಯೇನಮ್ಮ?" ಎಂದು ಕೇಳುತ್ತಿದ್ದ. ಬಾಯಿ ತೆಗೆದರೆ ಹಿಟ್ಟು ಒಳಗೆ ಹೋಗುತ್ತಿತ್ತು, ಅದಕ್ಕೇ ಉತ್ತರ ಕೊಡದೆ ಕಾಲು ಚಾಚಿಕೊಂಡು ಕೂತಿದ್ದೆ. ಅವಳು ಇನ್ನೊಂದು ಚೊಂಬು ತುಂಬಿಕೊಳ್ಳುತ್ತಿದ್ದಳು.